ಬಡಿಗೇರ ಅಕ್ಕೋರ ಗೈರುಹಾಜರಿ

ನಮ್ಮ ಊರಿಗೆ ಜ್ವರ ಬಂದ ವರ್ಷ ಎಲ್ಲಕ್ಕಿಂತ ಮೊದಲು ಮುಚ್ಚಿದ್ದು ನಮ್ಮ ಶಾಲೆ. ಎಲ್ಲ ಮುಚ್ಚಿದ ಮೇಲೂ ಮುಚ್ಚದೆ ಉಳಿದದ್ದು ಅದೇ ಶಾಲೆಯ ಸಿಬ್ಬಂದಿಯ ಸ್ನೇಹಕೂಟ. ನಾನು ಆ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಯಾವ ನಕ್ಷೆಯಲ್ಲೂ ಇಲ್ಲದ ಊರಿನಲ್ಲಿ ಭೂಗೋಳ ಕಲಿಸುವವನಿಗೆ ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ, ಹಾಗಾಗಿ ನನ್ನ ಬದುಕು ಸುಖವಾಗಿಯೇ ಇತ್ತು. ಈ ಕಥೆ ನನ್ನದಲ್ಲ, ಗಣಿತ ಕಲಿಸುತ್ತಿದ್ದ ನೀಲವ್ವ ಬಡಿಗೇರ ಅಕ್ಕೋರದು. ಆದರೆ ಅದರಲ್ಲಿ ನನ್ನ ಪಾಲೂ ಒಂದಿಷ್ಟು ಇದೆ. ಅದನ್ನು ಬಿಟ್ಟು ಹೇಳಿದರೆ ನನ್ನ ಹೆಂಡತಿ ಕಸ್ತೂರಿ ಸುಮ್ಮನಿರುವವಳಲ್ಲ.

ಜ್ವರ ಜೀವ ತೆಗೆಯುವಂಥದ್ದಾಗಿರಲಿಲ್ಲ. ಒಂಬತ್ತು ದಿನ ಮೈ ಸುಡುತ್ತಿತ್ತು, ಹತ್ತನೆಯ ದಿನ ಮನುಷ್ಯ ಎದ್ದು ಕೂತು ಗಂಜಿ ಕೇಳುತ್ತಿದ್ದ. ಆದರೆ ಎದ್ದು ಕೂತವನಿಗೆ ಗೊತ್ತಿದ್ದ ಸಂಗತಿಗಳಲ್ಲಿ ಒಂದು ಉದುರಿ ಹೋಗಿರುತ್ತಿತ್ತು. ಒಂದೇ ಒಂದು. ಅದಕ್ಕೇ ಊರವರು ಅದನ್ನು ಉದುರುಜ್ವರ ಎಂದು ಕರೆದರು. ಉದುರಿದ್ದು ಯಾವುದು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಕಳೆದದ್ದು ಏನೆಂದು ಗೊತ್ತಿದ್ದರೆ ಅದು ಕಳೆದ ಹಾಗೆ ಆಗುತ್ತಿರಲಿಲ್ಲವಲ್ಲ. ಟಪಾಲಿನ ನಾಗಪ್ಪ ಮಂಗಳವಾರವನ್ನೇ ಮರೆತು, ಸೋಮವಾರದ ಮರುದಿನ ಬುಧವಾರ ಎಂದು ಊರೆಲ್ಲ ಜಗಳಕ್ಕೆ ಬಿದ್ದ. ಹಿಟ್ಟಿನ ಗಿರಣಿಯ ಹತ್ತಿರದ ಒಬ್ಬ ಮುದುಕಿಗೆ ಸೊಸೆಯ ಮೇಲೆ ಇಪ್ಪತ್ತು ವರ್ಷದಿಂದ ಇದ್ದ ಸಿಟ್ಟು ಮರೆತು ಹೋಗಿ, ಸೊಸೆ ಹೆದರಿಕೊಂಡು ಡಾಕ್ಟರನ್ನು ಕರೆಸಿದಳು. ಹತ್ತನೆಯ ದಿನ ಮನೆಯವರೆಲ್ಲ ಹೊಸ್ತಿಲ ಆಚೆ ಕೂತು ಕೇಳುವುದು ರೂಢಿಯಾಯಿತು: ಇದೇನು, ಇದು ಯಾರು, ಚಹಾಕ್ಕೆ ಏನೇನು ಹಾಕುತ್ತಾರೆ, ನಿಮ್ಮ ಅತ್ತೆಯ ಊರು ಯಾವುದು.

ಮಕ್ಕಳ ಬುದ್ಧಿ ಇನ್ನೂ ಎಳೆಯದು, ಅದರೊಳಗಿಂದ ಏನೂ ಉದುರಬಾರದು ಎಂದು ಶಾಲೆ ಮುಚ್ಚಿದರು. ನಾವು ಬೆಳಿಗ್ಗೆ ಬೀದಿಗೊಬ್ಬರಂತೆ ಹೋಗಿ ನಡುಬೀದಿಯಲ್ಲಿ ನಿಂತು ಕೂಗಿ ಪಾಠ ಹೇಳುತ್ತಿದ್ದೆವು. ಮಕ್ಕಳು ತಮ್ಮ ತಮ್ಮ ಮಾಳಿಗೆಯ ಮೇಲೆ ಕೂತು ಕೇಳುತ್ತಿದ್ದರು. ಎಷ್ಟೋ ಸಲ ನನ್ನ ಪ್ರಶ್ನೆಗೆ ಕಾಯಿಪಲ್ಲೆ ಮಾರುವವಳೇ ಉತ್ತರ ಹೇಳಿಬಿಡುತ್ತಿದ್ದಳು. ಹೀಗೆ ವಾರವಿಡೀ ಒಂದು ಮಾಳಿಗೆಯಷ್ಟು ದೂರ ಇಟ್ಟು ಮಕ್ಕಳನ್ನು ಕಾಪಾಡಿದ ನಾವು, ಹನ್ನೆರಡರಲ್ಲಿ ಹನ್ನೊಂದು ಮಂದಿ, ಶನಿವಾರ ಮಧ್ಯಾಹ್ನ ಸಿಬ್ಬಂದಿ ಕೋಣೆಯಲ್ಲಿ ಭುಜಕ್ಕೆ ಭುಜ ಹಚ್ಚಿ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದೆವು.

ಇದು ನಮ್ಮ ಹೆಡ್‌ಮಾಸ್ತರು ಪಂಚಾಕ್ಷರಯ್ಯನವರ ಏರ್ಪಾಡು. ಅವರು ತೆಳ್ಳಗೆ, ಎತ್ತರಕ್ಕೆ, ಇಸ್ತ್ರಿಯ ಗೆರೆ ಕೆಡದ ಅಂಗಿ ತೊಟ್ಟು, ಮಾತನ್ನೆಲ್ಲ ನೋಟೀಸಿನ ಹಾಗೆ ಆಡುವ ಮನುಷ್ಯ. "ನಾವೆಲ್ಲಾ ಒಂದ ಕುಟುಂಬ. ಕುಟುಂಬ ಅಂದ ಮ್ಯಾಲೆ ವಾರಕ್ಕೊಮ್ಮೆ ಕೂಡಬೇಕು," ಅನ್ನುತ್ತಿದ್ದರು. ಚಪರಾಸಿ ದ್ಯಾಮಣ್ಣ ಪ್ರತಿ ಶುಕ್ರವಾರ ನೋಟೀಸು ಪುಸ್ತಕ ಹಿಡಿದು ಮನೆಮನೆಗೆ ಬರುತ್ತಿದ್ದ. ಅದರಲ್ಲಿ ಯಾವಾಗಲೂ ಒಂದೇ ಒಕ್ಕಣೆ: "ಸ್ನೇಹಕೂಟಕ್ಕೆ ಹಾಜರಾತಿ ಕಡ್ಡಾಯವಲ್ಲ. ಗೈರಾಗುವವರು ಕಾರಣವನ್ನು ಕೆಳಗೆ ಬರೆಯತಕ್ಕದ್ದು." ಕಾರಣ ಬರೆಯುವುದಕ್ಕಿಂತ ಜ್ವರ ಬರಿಸಿಕೊಳ್ಳುವುದೇ ಸುಲಭ ಎಂದು ನಾವೆಲ್ಲ ಹೋಗುತ್ತಿದ್ದೆವು. ಸಂಸ್ಥೆಯ ಅಧ್ಯಕ್ಷರಾದ ಕೋರಿ ಶಿವಲಿಂಗಪ್ಪನವರು ಮಾತ್ರ ಬರುತ್ತಿರಲಿಲ್ಲ. ತಮ್ಮ ವಯಸ್ಸಿಗೆ ಅದು ಕ್ಷೇಮವಲ್ಲ, ಮನೆಯಿಂದಲೇ ಹಾರೈಸುತ್ತೇನೆ ಎಂದು ಚೀಟಿ ಕಳಿಸುತ್ತಿದ್ದರು. ಆ ಚೀಟಿಯನ್ನು ಓದಿ ಚಪ್ಪಾಳೆ ತಟ್ಟಿ ಕೂಟ ಶುರುವಾಗುತ್ತಿತ್ತು.

ನನಗೆ ಹೋಗಲು ಬೇಸರವಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕಸ್ತೂರಿಯೇ ದೂಡುತ್ತಿದ್ದಳು. "ಹೋಗಿ ಬರ್ರಿ. ಮನ್ಯಾಗ ಕುಂತು ನನ್ನ ತಲಿ ತಿನ್ನೂದರ ಬದಲಿ ಅಲ್ಲಿ ಭಜಿ ತಿನ್ರಿ. ನಿಮ್ಮ ತಲ್ಯಾಗಿಂದ ಒಂದು ಉದುರಿದ್ರ ಹುಡುಕಾಕೂ ಹತ್ತ ದಿನ ಬೇಕು."

ಎರಡನೆಯ ಕೂಟವಾದ ಮೇಲೆ ಸಂಗೀತದ ಪತ್ತಾರ ಸರ್ ಮಲಗಿದರು. ಎದ್ದಾಗ ಏಳು ಸ್ವರಗಳಲ್ಲಿ ನಿಷಾದ ಹೋಗಿತ್ತು. ಸ ರಿ ಗ ಮ ಪ ದ ಎಂದು ಏರಿ, ದ ಆದ ಕೂಡಲೇ ಮೇಲಿನ ಷಡ್ಜಕ್ಕೆ ಜಿಗಿದು, "ಬರೋಬ್ಬರಿ ಐತೆಲ್ಲ?" ಅನ್ನುತ್ತಿದ್ದರು. ನಾಲ್ಕನೆಯ ಕೂಟದ ನಂತರ ಡ್ರಿಲ್ ಮಾಸ್ತರ ಗೊರವರ ಅವರಿಗೆ ಎಡ ಬಲ ಮರೆತುಹೋಯಿತು. ಮಕ್ಕಳಿಗೆ ಬಲಕ್ಕೆ ತಿರುಗಿ ಎಂದು ಕೂಗಿ ತಾವು ಎತ್ತ ತಿರುಗಬೇಕು ಎಂದು ತಿಳಿಯದೆ ನಿಂತುಬಿಡುತ್ತಿದ್ದರು. ಹೆಡ್‌ಮಾಸ್ತರು ಇಬ್ಬರಿಗೂ ಶಾಲು ಹೊದಿಸಿ, "ಕುಟುಂಬಕ್ಕೆ ಮರಳಿ ಸ್ವಾಗತ" ಎಂದರು. ಶಾಲು ಹೊದಿಸಿದ್ದೂ ಸ್ನೇಹಕೂಟದಲ್ಲೇ.

ಬಡಿಗೇರ ಅಕ್ಕೋರು ಮೊದಲ ಕೂಟಕ್ಕೂ ಬರಲಿಲ್ಲ, ಆಮೇಲೂ ಬರಲಿಲ್ಲ. ಪುಸ್ತಕದಲ್ಲಿ ಕಾರಣದ ಜಾಗದಲ್ಲಿ "ಜ್ವರ" ಎಂದು ಬರೆಯುತ್ತಿದ್ದರು. ಯಾರ ಜ್ವರ ಎಂದು ಹೆಡ್‌ಮಾಸ್ತರು ಕೆಂಪು ಶಾಯಿಯಲ್ಲಿ ಕೇಳಿದರೆ, "ಊರಿನದು" ಎಂದು ಉತ್ತರ ಬರೆದಿದ್ದರು.

ನಾವೆಲ್ಲ ಶಾಲೆಯ ಬಯಲಿನ ಅಂಚಿಗಿದ್ದ ಕ್ವಾರ್ಟರ್ಸಿನಲ್ಲಿದ್ದೆವು. ಹನ್ನೆರಡು ಮನೆಗಳ ಒಂದೇ ಸಾಲು. ಮೊದಲನೆಯದು ಹೆಡ್‌ಮಾಸ್ತರದು, ಹನ್ನೊಂದನೆಯದು ನನ್ನದು, ಕೊನೆಯದು ಅಕ್ಕೋರದು. ಅಲ್ಲಿ ಅವರೂ ಅವರ ತಂಗಿ ಗಂಗವ್ವನೂ ಇಬ್ಬರೇ ಇದ್ದರು. ಗಂಗವ್ವನಿಗೆ ಹುಟ್ಟಾ ಕಿವಿ ಕೇಳಿಸುತ್ತಿರಲಿಲ್ಲ, ಮಾತೂ ಇರಲಿಲ್ಲ. ಆಕೆಯನ್ನು ಯಾವ ಶಾಲೆಯೂ ಸೇರಿಸಿಕೊಂಡಿರಲಿಲ್ಲ, ಅದರಲ್ಲಿ ನಮ್ಮ ಶಾಲೆಯೂ ಒಂದು. ಚಿಕ್ಕವರಿದ್ದಾಗ ಅಕ್ಕತಂಗಿಯರಿಬ್ಬರೂ ಕೂಡಿ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು. ನಲವತ್ತು ವರ್ಷದಲ್ಲಿ ಅದು ಬೆಳೆದು ಬೆಳೆದು, ಬೇಳೆಯ ದರದಿಂದ ಹಿಡಿದು ಸತ್ತವರ ನೆನಪಿನವರೆಗೆ ಎಲ್ಲವೂ ಅದರಲ್ಲಿ ಬರುತ್ತಿತ್ತು. ಸಂಜೆ ಅಂಗಳದಲ್ಲಿ ಕೂತು ಇಬ್ಬರೂ ಕೈ ಆಡಿಸುತ್ತಿದ್ದರೆ ನಾನು ನಮ್ಮ ಕಟ್ಟೆಯ ಮೇಲಿಂದ ನೋಡುತ್ತಿದ್ದೆ. ಸದ್ದೇ ಇಲ್ಲದೆ ಇಬ್ಬರು ಅಷ್ಟು ಜೋರಾಗಿ ಜಗಳವಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವರ್ಷ ಶಾಲೆಗೆ ಐವತ್ತು ತುಂಬುವುದಿತ್ತು. ಸುವರ್ಣ ಮಹೋತ್ಸವದ ದಿನ ಇಡೀ ಸಿಬ್ಬಂದಿಯ ಫೋಟೋ ಬೇಕು, ಒಬ್ಬರೂ ಬಿಡಬಾರದು ಎಂದು ಅಧ್ಯಕ್ಷರ ಚೀಟಿ ಬಂತು. ಹೆಡ್‌ಮಾಸ್ತರು ನನ್ನನ್ನು ಕರೆದು, "ಹೂಗಾರ ಸರ, ನೀವು ಬಾಜೂ ಮನಿಯವರು. ನೀವ ಒಂದು ಮಾತು ಹೇಳಿ ನೋಡ್ರಿ," ಎಂದರು. ಇಲ್ಲ ಅನ್ನಲು ನನಗೆ ಬರುವುದಿಲ್ಲ. ಜ್ವರ ಬಂದು ಮರೆತದ್ದಲ್ಲ, ಮೊದಲಿಂದಲೂ ಬರುವುದಿಲ್ಲ.

ನಾನು ಹೋಗಿ ಅಂಗಳದಾಚೆ ನಿಂತೆ. ಅಕ್ಕೋರು ಕಟ್ಟೆಯ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಗಂಗವ್ವ ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದಳು.

"ಅಕ್ಕೋರ, ಒಂದ ತಾಸಿನ ಮಾತ್ರಿ ಅದು. ಬಂದು, ಒಂದು ಭಜಿ ತಿಂದು, ಸಹಿ ಮಾಡಿ ಹೋಗ್ರಿ. ಮಂದಿ ಬಾಯಿಗೆ ಯಾಕ ಬೀಳ್ತೀರಿ?"

ಅಕ್ಕೋರು ತಲೆ ಎತ್ತದೆ ಕೇಳಿದರು. "ನಿಮಗ ಜ್ವರ ಬಂದು ಒಂದು ಸಂಗತಿ ಉದುರಿದ್ರ ಏನಾಗ್ತೈತಿ, ಸರ?"

"ಏನಾಗ್ತೈತ್ರಿ? ಒಂದು ನದಿ ಮರೀತೀನಿ. ಇಲ್ಲಾ ಒಂದು ಗುಡ್ಡ."

"ನನ್ನಿಂದ ಈ ಕೈಮಾತು ಉದುರಿದ್ರ?"

"ಸಾವಿರಾರು ಸಂಗತಿ ಗೊತ್ತಿರ್ತಾವ್ರಿ ನಿಮಗ. ಅದ ಯಾಕ ಉದುರ್ತೈತಿ? ಸಾವಿರದಾಗ ಒಂದು..."

ಆಗ ಅವರು ಪೆನ್ನು ಕೆಳಗಿಟ್ಟರು. "ಗಣಿತ ನನಗ ಹೇಳಬ್ಯಾಡ್ರಿ. ಕಳಕೊಳ್ಳಾಕಿ ನಾನು ಅಂತ ಲೆಕ್ಕ ಹಾಕಿದ್ರ ಅದು ಸಾವಿರದಾಗ ಒಂದು. ಆಕಿ ಕಡೆಯಿಂದ ಹಾಕಿದ್ರ, ಆಕಿಗೆ ಇರೂದ ಒಂದು."

ಅಷ್ಟರಲ್ಲಿ ಗಂಗವ್ವ ನನ್ನತ್ತ ಗದ್ದ ತೋರಿಸಿ ಏನೋ ಕೇಳಿದಳು, ಅಕ್ಕೋರು ಕೈಯಲ್ಲೇ ಉತ್ತರಿಸಿದರು. ಗಂಗವ್ವ ಎರಡು ಬೆರಳಲ್ಲಿ ಗಾಳಿಯಿಂದ ಏನನ್ನೋ ಎತ್ತಿ ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ನಕ್ಕಳು.

"ಏನಂದ್ರು?"

"ನಿಮಗೊಂದು ಹೆಸರಿಟ್ಲು," ಎಂದರು ಅಕ್ಕೋರು. "ಭಜಿ ತಿನ್ನಾಂವ."

ನಾನು ಬರಿಗೈಯಲ್ಲಿ ಮರಳಿದೆ. ಮರುವಾರ ದ್ಯಾಮಣ್ಣ ಅಕ್ಕೋರಿಗೆ ಮಾತ್ರ ಬೇರೆಯೊಂದು ಕಾಗದ ತಂದುಕೊಟ್ಟ. ಕ್ವಾರ್ಟರ್ಸು ಶಾಲಾ ಕುಟುಂಬದವರಿಗಾಗಿ ಇರುವುದರಿಂದ, ತಮ್ಮನ್ನು ಕುಟುಂಬದವರೆಂದು ಭಾವಿಸದವರು ತಮ್ಮ ವಸತಿಯ ಬಗ್ಗೆ ಪುನಃ ಆಲೋಚಿಸುವುದು ಸೂಕ್ತ ಎಂದು ಅದರಲ್ಲಿತ್ತು. ಒತ್ತಾಯವಿಲ್ಲ ಎಂದೂ ಇತ್ತು.

ಅಕ್ಕೋರು ಅದನ್ನು ಎರಡು ಸಲ ಓದಿ ಮಡಿಚಿದರು. ಆಮೇಲೆ ದ್ಯಾಮಣ್ಣನಿಂದ ನೋಟೀಸು ಪುಸ್ತಕ ಇಸಿದುಕೊಂಡು ಕಾರಣದ ಜಾಗದಲ್ಲಿ ಹೀಗೆ ಬರೆದರು: "ನನ್ನ ತಂಗಿಯ ಕೈಮಾತು ಈ ಊರಿನಲ್ಲಿ ನನ್ನೊಬ್ಬಳಿಗೇ ಗೊತ್ತು. ಸಿಬ್ಬಂದಿಯೆಲ್ಲರೂ ಅದನ್ನು ಕಲಿತ ದಿನ ನಾನು ಸ್ನೇಹಕೂಟಕ್ಕೆ ಬರುತ್ತೇನೆ. ನಾನು ಮರೆತರೆ ನೆನಪಿಸಲು ಹನ್ನೊಂದು ಮಂದಿ ಇದ್ದಾರೆಂಬ ಧೈರ್ಯ ಆಗ ನನಗಿರುತ್ತದೆ. ಕುಟುಂಬ ಎಂದರೆ ಅದೇ ಎಂದು ತಿಳಿದಿದ್ದೇನೆ."

ಹೆಡ್‌ಮಾಸ್ತರು ಆ ಪುಸ್ತಕವನ್ನು ಒಂದು ಇಡೀ ದಿನ ಇಟ್ಟುಕೊಂಡರು. ಎಂದೂ ಇಲ್ಲದ್ದು. ಮರುದಿನ ಉತ್ತರ ಬಂತು: "ಕಾರಣ ಸಮಂಜಸವಾಗಿದೆ. ಇಂದಿನಿಂದ ಸಿಬ್ಬಂದಿ ದಿನಾಲು ಸಂಜೆ ಐದಕ್ಕೆ ತಮ್ಮ ತಮ್ಮ ಮಾಳಿಗೆಯ ಮೇಲೆ ನಿಂತು ಕೈಮಾತು ಕಲಿಯತಕ್ಕದ್ದು. ಹಾಜರಾತಿ ಕಡ್ಡಾಯವಲ್ಲ. ಗೈರಾಗುವವರು ಕಾರಣವನ್ನು ಕೆಳಗೆ ಬರೆಯತಕ್ಕದ್ದು."

ಹೀಗೆ ನಮ್ಮ ಕಲಿಕೆ ಶುರುವಾಯಿತು. ಬಯಲಿನ ನಡುವೆ ಧ್ವಜದ ಕಟ್ಟೆಯ ಮೇಲೆ ಅಕ್ಕೋರು ಮತ್ತು ಗಂಗವ್ವ; ಎದುರಿಗೆ ಮಾಳಿಗೆಗಳ ಮೇಲೆ ನಾವು ಹನ್ನೊಂದು ಮಂದಿ. ಅಕ್ಕೋರು ಶಬ್ದ ಕೂಗುತ್ತಿದ್ದರು, ಗಂಗವ್ವ ಕೈಯಲ್ಲಿ ಮಾಡಿ ತೋರಿಸುತ್ತಿದ್ದಳು. ನೀರು. ಉಪ್ಪು. ನಾಳೆ. ಹೊಟ್ಟೆನೋವು. ಮೊದಲ ವಾರ ಮಜವೆನಿಸಿತು. ಜನ್ಮದಲ್ಲಿ ಶಾಲೆಯ ಮೆಟ್ಟಿಲು ಹತ್ತದ ಗಂಗವ್ವ ಹನ್ನೊಂದು ಜನ ಮಾಸ್ತರರಿಗೆ ಪಾಠ ಹೇಳುವಾಗ ಎದೆಯುಬ್ಬಿಸಿ ನಿಲ್ಲುತ್ತಿದ್ದಳು. ತಪ್ಪು ಮಾಡಿದರೆ ಹಣೆ ಬಡಿದುಕೊಳ್ಳುತ್ತಿದ್ದಳು. ಆ ಹಣೆ ಬಡಿದುಕೊಳ್ಳುವುದೊಂದು ನನಗೆ ಬಲು ಬೇಗ ಅರ್ಥವಾಯಿತು.

ಎರಡನೆಯ ವಾರ ಕಾಲು ನೋಯತೊಡಗಿದವು. ದ್ಯಾಮಣ್ಣ ಹಾಜರಿ ಪುಸ್ತಕವನ್ನು ಉದ್ದನೆಯ ಗಳದ ತುದಿಗೆ ಕಟ್ಟಿ ಮಾಳಿಗೆಯಿಂದ ಮಾಳಿಗೆಗೆ ಏರಿಸಿ ಸಹಿ ಪಡೆಯುತ್ತಿದ್ದ. ಐದು ನಿಮಿಷಕ್ಕೆ ಸಹಿ ಮುಗಿಯುತ್ತಿತ್ತು. ಸಹಿಯಾದ ಮೇಲೆ ಒಬ್ಬೊಬ್ಬರೇ ಕೆಳಗಿಳಿದು ಬಿಡುತ್ತಿದ್ದೆವು. ಮೂರನೆಯ ವಾರದಿಂದ ನಾನು ಪತ್ತಾರ ಸರ್ ಸಹಿಯನ್ನೂ ಅವರು ನನ್ನದನ್ನೂ ಮಾಡಲು ಕಲಿತೆವು. ಆ ಎರಡು ತಿಂಗಳಲ್ಲಿ ನಾನು ಚೆನ್ನಾಗಿ ಕಲಿತದ್ದು ಆ ಸಹಿಯೊಂದನ್ನೇ. ಹೆಡ್‌ಮಾಸ್ತರು ಮಾತ್ರ ಮೊದಲನೆಯ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಕೊನೆಯವರೆಗೂ ಕೂತಿರುತ್ತಿದ್ದರು. ನಮ್ಮ ಮೇಲೆ ಕಣ್ಣಿಡಲು ಕೂತಿದ್ದಾರೆ ಎಂದು ನಾವು ಬೈದುಕೊಂಡೆವು.

ಮಹೋತ್ಸವಕ್ಕೆ ಹತ್ತು ದಿನ ಇರುವಾಗ ಅಕ್ಕೋರು ಪರೀಕ್ಷೆ ಇಟ್ಟರು. ನನ್ನ ಜೀವ ಹಾರಿತು. ಅಕ್ಕೋರು ಒಂದೊಂದು ಶಬ್ದ ಕೂಗಿದರು, ನಾವೆಲ್ಲ ಕೈ ಎತ್ತಿದೆವು. ನಾನು ಪತ್ತಾರ ಸರ್ ಕೈ ನೋಡಿ ಮಾಡಿದೆ. ಅವರು ತಮ್ಮ ಆಚೆಯ ಗೊರವರ ಮಾಸ್ತರನ್ನು ನೋಡಿ ಮಾಡಿದರು. ಎಡ ಬಲ ಉದುರಿಸಿಕೊಂಡ ಗೊರವರ ತಾವು ನೋಡಿದ್ದನ್ನೆಲ್ಲ ತಿರುವುಮುರುವು ಮಾಡುತ್ತಿದ್ದರಿಂದ ಅವರಿಂದೀಚೆಗೆ ನಮ್ಮ ಮೂವರ ಉಪ್ಪು, ನೀರು, ನಾಳೆ ಎಲ್ಲ ಎಡಗೈಯಲ್ಲೇ ಬಂದವು. ಗೊರವರ ಯಾರನ್ನು ನೋಡಿ ಮಾಡಿದರು ಎಂದು ನಾನು ಆಗ ಯೋಚಿಸಲಿಲ್ಲ. ವರ್ಷವಿಡೀ ನಕಲು ಮಾಡಬೇಡಿ ಎಂದು ಮಕ್ಕಳ ಕಿವಿ ಹಿಂಡಿದ ಹನ್ನೊಂದು ಕೈಗಳು ಆ ಸಂಜೆ ಒಂದರ ಹಿಂದೊಂದು ಅಲೆಯ ಹಾಗೆ ಎದ್ದು ಬಿದ್ದವು.

ಗಂಗವ್ವ ಹಣೆ ಬಡಿದುಕೊಳ್ಳಲಿಲ್ಲ. ಸುಮ್ಮನೆ ನಿಂತು ನೋಡಿದಳು. ಅಕ್ಕೋರು "ಎಲ್ಲಾರೂ ಪಾಸ್" ಎಂದು ಹೇಳಿ ಕಟ್ಟೆ ಇಳಿದರು. ಹೆಡ್‌ಮಾಸ್ತರು ಪುಸ್ತಕದಲ್ಲಿ ನೂರಕ್ಕೆ ನೂರು ಎಂದು ಬರೆದು ಅಧ್ಯಕ್ಷರಿಗೆ ಕಳಿಸಿದರು.

ನನಗೆ ಸಮಾಧಾನವಾಗಲಿಲ್ಲ. ಅಂದೇ ಅವರ ಅಂಗಳದಾಚೆ ಹೋಗಿ ನಿಂತು ಕೇಳಿದೆ. "ಅಕ್ಕೋರ, ನಾವು ಒಬ್ಬರದೊಬ್ಬರು ನೋಡಿ ಮಾಡಿದ್ದು ನಿಮಗ ಗೊತ್ತಾಗಲಿಲ್ಲೇನ್ರಿ?"

"ಇಪ್ಪತ್ತಾರು ವರ್ಷ ಪರೀಕ್ಷಾ ಕೋಣ್ಯಾಗ ಅಡ್ಡಾಡೀನಿ, ಸರ. ಗೊತ್ತಾಗದ ಇರ್ತೈತೇನು?"

"ಮತ್ತ ಪಾಸ್ ಯಾಕ ಮಾಡಿದ್ರಿ?"

"ಫೇಲ್ ಮಾಡಿದ್ರ ಕಲೀತಿದ್ರೇನು?" ಎಂದರು. ಆಮೇಲೆ, "ಮನಿ ಬಿಡಂದ್ರ ಆಕಿನ್ನ ಕರಕೊಂಡು ನಾ ಎಲ್ಲಿಗೆ ಹೋಗ್ಲಿ? ಬರೂದಂತೂ ಬರಬೇಕಿತ್ತು. ಏನರ ಒಂದು ಆಸರಾ ಮಾಡಿಕೊಂಡು ಬರೂಣು ಅಂತ ಮಾಡಿದ್ದೆ," ಎಂದು ಒಳಗೆ ಹೋದರು.

ಮಹೋತ್ಸವದ ದಿನ ಅವರು ತಿಳಿನೀಲಿ ಇಳಕಲ್ ಸೀರೆ ಉಟ್ಟು, ಮೂಗು ಬಾಯಿಗೆ ಸೆರಗು ಸುತ್ತಿಕೊಂಡು ಬಂದು ಸಾಲಿನ ಕೊನೆಯಲ್ಲಿ ನಿಂತರು. ಅಧ್ಯಕ್ಷರು ಕಾರಿನ ಗಾಜು ಏರಿಸಿಕೊಂಡು ಗೇಟಿನ ಹೊರಗೆ ಕೂತೇ ಕೈ ಬೀಸಿದರು. ಅವರ ಭಾಷಣವನ್ನು ಡ್ರೈವರು ಓದಿದ. ಧೈರ್ಯದ ಬಗ್ಗೆ ಇತ್ತು. ಫೋಟೋದವನು "ಇನ್ನಷ್ಟು ಒತ್ತಿ ನಿಲ್ರಿ, ಕಡೀ ಅಕ್ಕೋರು ಚೌಕಟ್ಟಿನ್ಯಾಗ ಬರವಲ್ರು" ಎಂದ. ಒತ್ತಿ ನಿಂತೆವು. "ಸೆರಗು ತಗೀರಿ ಅಕ್ಕೋರ, ಮಾರಿ ಕಾಣಬೇಕು," ಎಂದ. ಹೆಡ್‌ಮಾಸ್ತರೂ ಆ ತುದಿಯತ್ತ ತಿರುಗಿ ನೋಡಿದರು. ಅಕ್ಕೋರು ಸೆರಗು ತೆಗೆದರು. ಆ ಫೋಟೋ ಈಗಲೂ ಶಾಲೆಯಲ್ಲಿದೆ. ಹನ್ನೊಂದು ಮಂದಿ ನಗುತ್ತಿದ್ದೇವೆ, ಒಬ್ಬರು ಉಸಿರು ಹಿಡಿದುಕೊಂಡಿದ್ದಾರೆ.

ಮಹೋತ್ಸವವಾದ ಐದನೆಯ ದಿನ ಏಳು ಮಂದಿ ಮಲಗಿದರು. ಅವರಲ್ಲಿ ಬಡಿಗೇರ ಅಕ್ಕೋರೂ ಒಬ್ಬರು.

ಜ್ವರದ ಮನೆಯಲ್ಲಿ ಬೇರೆಯವರು ಇರಬಾರದೆಂದು ಕಸ್ತೂರಿ ಗಂಗವ್ವನನ್ನು ನಮ್ಮ ಮನೆಗೆ ಕರೆತಂದಳು. ಮೊದಲ ದಿನವೇ ಗಂಗವ್ವ ನನ್ನ ಮುಂದೆ ಕೂತು ಕೈ ಎತ್ತಿ ಏನೋ ಕೇಳಿದಳು. ನನಗೆ ತಿಳಿಯಲಿಲ್ಲ. ಎರಡನೆಯ ಸಲ ನಿಧಾನವಾಗಿ ಕೇಳಿದಳು. ನಾನು ಎದ್ದು ನೀರು ತಂದುಕೊಟ್ಟೆ. ಆಕೆ ತಂಬಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ತಂಬಿಗೆಯನ್ನು ಪಕ್ಕಕ್ಕಿಟ್ಟಳು.

"ಪಾಸ್ ಆಗೀರಲ್ರೀ ನೀವು?" ಎಂದಳು ಕಸ್ತೂರಿ.

"ಅದು... ಮರ್ತೈತಿ."

"ಮರೀಲಿಕ್ಕೆ ನಿಮಗೇನ ಜ್ವರ ಬಂದೈತೇನು?"

ಕಸ್ತೂರಿಯೇ ಅಂದಾಜಿನ ಮೇಲೆ ಗಂಗವ್ವನನ್ನು ಕರೆದೊಯ್ದು, ಬಡಿಗೇರ ಅಕ್ಕೋರ ಮನೆಯ ಕಿಟಕಿಯ ಆಚೆ ನಿಲ್ಲಿಸಿ, ಒಳಗೆ ಅಕ್ಕ ಉಸಿರಾಡುವುದನ್ನು ತೋರಿಸಿ ತಂದಳು. ಆಕೆ ಕೇಳಿದ್ದು ಅದನ್ನೇ ಆಗಿತ್ತು. ಎರಡು ತಿಂಗಳು ಮಾಳಿಗೆ ಹತ್ತದ ಕಸ್ತೂರಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅಕ್ಕೋರು ಬಾಗಿಲು ತೆರೆದು ಕಟ್ಟೆಯ ಮೇಲೆ ಬಂದು ಕೂತರು. ಬಡಕಲಾಗಿದ್ದರು, ಆದರೆ ಕಣ್ಣು ಚುರುಕಾಗಿದ್ದವು. ಕಸ್ತೂರಿ ದೂರದಿಂದ ರೂಢಿಯ ಪ್ರಶ್ನೆ ಶುರು ಮಾಡಿದಳು. ಹತ್ತೊಂಬತ್ತರ ಮಗ್ಗಿ ಹೇಳಿದರು. ವಾರಗಳನ್ನು ಹೇಳಿದರು, ಮಂಗಳವಾರವೂ ಇತ್ತು. ಅವ್ವ ಅಪ್ಪನ ಹೆಸರು, ಸಾರಿಗೆ ಹಾಕುವ ಮಸಾಲೆ, ನಮ್ಮ ಹನ್ನೆರಡು ಮಂದಿಯ ಹೆಸರು, ಎಲ್ಲ ಹೇಳಿದರು. ನಾನು ನಿಟ್ಟುಸಿರು ಬಿಟ್ಟೆ. ಯಾವುದೋ ಒಂದು ಗುಡ್ಡ ಉದುರಿರಬೇಕು, ಪುಣ್ಯ.

ಆಗ ಗಂಗವ್ವ ನಮ್ಮ ಬಾಗಿಲಿನಿಂದ ಓಡಿ ಬಂದು ಅಂಗಳದಲ್ಲಿ ನಿಂತು ಎರಡೂ ಕೈ ಎತ್ತಿ ಮಾತಾಡತೊಡಗಿದಳು. ಒಂಬತ್ತು ದಿನ ಕೂಡಿಟ್ಟದ್ದೆಲ್ಲ ಒಮ್ಮೆಗೇ ಹೊರಬೀಳುವ ಹಾಗೆ ಕೈಗಳು ಓಡಿದವು. ಅಕ್ಕೋರು ನಗುತ್ತ ನೋಡಿದರು. ನಗು ನಿಧಾನವಾಗಿ ನಿಂತಿತು.

"ಕಸ್ತೂರಕ್ಕಾ," ಎಂದರು, "ನಮ್ಮ ಗಂಗಾ ಯಾಕ ಹಿಂಗ ಕೈ ಆಡ್ಸಾಕತ್ತಾಳ? ಏನಾಗೇತಿ ಆಕಿಗೆ?"

ಗಂಗವ್ವ ಅಕ್ಕನ ಮುಖ ನೋಡಿದಳು. ಇನ್ನೊಮ್ಮೆ ನಿಧಾನವಾಗಿ ಹೇಳಿದಳು. ಮತ್ತೊಮ್ಮೆ, ನಮ್ಮಂಥ ದಡ್ಡರಿಗೆ ಕಲಿಸುವಾಗಿನಷ್ಟು ನಿಧಾನವಾಗಿ. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಅಲ್ಲೇ ಕೂತುಬಿಟ್ಟಳು. ಆ ಸೆರಗಿನ ಒಳಗೆ ಬೆರಳುಗಳು ಇನ್ನೂ ಸಣ್ಣಗೆ ಅಲುಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

ನಾನು ಅಲ್ಲಿ ನಿಲ್ಲಲಾರದೆ ಹೊರಟೆ. ಪತ್ತಾರ ಸರ್ ಬಾಗಿಲು ತಟ್ಟಿ, "ಸರ, ನಿಮಗ ಆ ಕೈಮಾತು ಬರ್ತೈತೇನು?" ಎಂದೆ. "ನಾ ಗೊರವರ ಮಾಸ್ತರನ್ನ ನೋಡಿ ಮಾಡಿದ್ನಿಪಾ," ಎಂದರು. ಗೊರವರ ಮಾಸ್ತರು ಹಿಂದಿ ಪಂಡಿತರತ್ತ ಕೈ ತೋರಿಸಿದರು, ಪಂಡಿತರು ವಿಜ್ಞಾನದವರತ್ತ, ಅವರು ಇನ್ನೊಬ್ಬರತ್ತ. ಒಂದೊಂದೇ ಮನೆ ದಾಟುತ್ತ, ಒಬ್ಬೊಬ್ಬರ ಮುಖ ಕೆಳಗಾಗುವುದನ್ನು ನೋಡುತ್ತ ಸಾಲಿನ ತುದಿಗೆ ಬಂದೆ. ಎರಡನೆಯ ಮನೆಯವರು ಬಾಗಿಲಲ್ಲೇ ನಿಂತು, "ನಾವೆಲ್ಲಾ ನೋಡಿದ್ದು ಹೆಡ್‌ಮಾಸ್ತರನ್ನರೀ," ಎಂದರು.

ಮೊದಲನೆಯ ಮನೆಯ ಬಾಗಿಲು ತೆರೆದೇ ಇತ್ತು. ಪಂಚಾಕ್ಷರಯ್ಯನವರು ಒಬ್ಬರೇ ಮೇಜಿನ ಮುಂದೆ ಕೂತಿದ್ದರು. ಕೂಟಗಳಿಗೆಲ್ಲ ಒಡೆಯರಾದ ಅವರನ್ನು ಜ್ವರ ಮುಟ್ಟಿರಲಿಲ್ಲ. ಅವರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಮನೆಯೊಳಗೆ ನಾನು ಕಾಲಿಟ್ಟದ್ದು ಅಂದೇ ಮೊದಲು. ನಾನು ನಡೆದದ್ದನ್ನು ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಮೇಜಿನ ಸೆಳೆಖಾನೆಯಿಂದ ಒಂದು ನೋಟುಬುಕ್ಕು ತೆಗೆದು ನನ್ನ ಮುಂದಿಟ್ಟರು. ಪುಟಪುಟಕ್ಕೂ ಕೈಯ ಚಿತ್ರಗಳು, ಪಕ್ಕದಲ್ಲಿ ಮುದ್ದಾದ ಅಕ್ಷರದಲ್ಲಿ ಅರ್ಥ.

"ಎಲ್ಲಾ ಬರ್ತೈತಿ ಅನ್ನೂದಿಲ್ಲ," ಎಂದರು. "ಬರಕೊಂಡಷ್ಟು ಬರ್ತಾವ."

"ಸರ, ನೀವು... ನಮ್ಮ ಮ್ಯಾಲೆ ನಿಗಾ ಇಡಾಕ ಕುಂದರ್ತಿದ್ರಿ ಅಂತ..."

"ಮಾತಾಡಿದಂಗ ಆಗ್ತಿತ್ತು, ಹೂಗಾರ ಸರ." ಅವರು ನೋಟೀಸಿನ ಧ್ವನಿ ತರಲು ನೋಡಿದರು, ಬರಲಿಲ್ಲ. "ಸಾಲಿ ಇದ್ದಾಗ ಐದುನೂರು ಹುಡುಗರ ಗದ್ದಲ. ಸಾಲಿ ಮುಚ್ಚಿದ ಮ್ಯಾಲೆ ಈ ಮನ್ಯಾಗ ಗಡಿಯಾರದ ಸಪ್ಪಳಾ ಒಂದ. ಶನಿವಾರ ಯಾಕ ಕರೀತಿದ್ದೆ ಅಂತ ಇನ್ನ ನೀವು ಕೇಳಬ್ಯಾಡ್ರಿ."

ನಾನು ಕೇಳಲಿಲ್ಲ. ಒಬ್ಬ ಮನುಷ್ಯನಿಗೆ ಒಂಟಿತನ ಹೋಗಲೆಂದು ಇಷ್ಟೊಂದು ಮನೆಗಳಿಗೆ ಜ್ವರ ಬಂದಿತ್ತು ಎಂದು ಸಿಟ್ಟು ಬಂತು. ಹಿಂದೆಯೇ, ಅವರ ಮನೆಗೆ ಒಂದು ಸಂಜೆ ಹೋಗಿ ಕಟ್ಟೆಯಾಚೆ ನಿಂತು ಹೇಗಿದ್ದೀರಿ ಎಂದು ನಾವು ಯಾರೂ ಕೇಳಿರಲಿಲ್ಲ ಎಂಬುದೂ ನೆನಪಾಯಿತು. ಸಿಟ್ಟು ಹೋಗಲಿಲ್ಲ, ಎರಡೂ ಇದ್ದವು.

"ಬರ್ರಿ, ಸರ," ಎಂದೆ.

"ಯಾವ ಮಾರಿ ಹೊತ್ತು ಬರ್ಲಿ?"

"ಇದ್ದ ಮಾರೀನ ಹೊತ್ತು ಬರ್ರಿ. ಬ್ಯಾರೆ ಯಾರಿಗೂ ಬರೂದಿಲ್ಲದು."

ಅವರು ಎದ್ದು, ಕೋಟು ಹಾಕಿಕೊಂಡು, ನೋಟುಬುಕ್ಕು ಹಿಡಿದು ನನ್ನ ಹಿಂದೆ ಬಂದರು. ಗಂಗವ್ವ ಇನ್ನೂ ಅಂಗಳದಲ್ಲೇ ಕೂತಿದ್ದಳು. ಅಕ್ಕೋರು ಕಟ್ಟೆಯ ಮೇಲೆ ಕೂತು, ಅಳುವ ತಂಗಿಯನ್ನು ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯದೆ ನೋಡುತ್ತಿದ್ದರು. ಹೆಡ್‌ಮಾಸ್ತರು ಆರು ಮಾರು ದೂರದಲ್ಲಿ ನಿಂತು ನೋಟುಬುಕ್ಕನ್ನು ಕಂಕುಳಿಗೆ ಸಿಕ್ಕಿಸಿ ಕೈ ಎತ್ತಿದರು. ತಡೆತಡೆದು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಏನೋ ಹೇಳಿದರು. ನಮಗೆಂದು ಬಾಯಲ್ಲೂ ಹೇಳಿದರು. "ಜ್ವರ ನಿಮ್ಮಕ್ಕನ ಕಡೆಯಿಂದ ನಿನ್ನ ಮಾತು ಒಯ್ದೈತಿ. ನಿನ್ನ ಒಯ್ದಿಲ್ಲ. ನೀ ಯಾರು ಅಂತ ಆಕಿಗೆ ಗೊತ್ತೈತಿ."

ಗಂಗವ್ವ ತಲೆ ಎತ್ತಿದಳು. ಅಕ್ಕನನ್ನು ನೋಡಿದಳು. ಆಮೇಲೆ ಎದ್ದು ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೆಡ್‌ಮಾಸ್ತರ ಎದುರಿಗೆ ತಿರುಗಿ ಮಾತಾಡಲು ಶುರು ಮಾಡಿದಳು. ಅದು ದೀರ್ಘವಾಗಿತ್ತು. ನಡುನಡುವೆ ಶಾಲೆಯತ್ತ, ಧ್ವಜದ ಕಟ್ಟೆಯತ್ತ, ನಮ್ಮ ಮಾಳಿಗೆಗಳತ್ತ ಬೆರಳು ಹೋಗುತ್ತಿತ್ತು.

"ಏನಂತಾಳ್ರಿ?" ಎಂದು ಕೇಳಿದರು ಅಕ್ಕೋರು.

ಹೆಡ್‌ಮಾಸ್ತರು ಒಮ್ಮೆ ಗಂಟಲು ಸರಿಮಾಡಿಕೊಂಡರು. ಪ್ರಾರ್ಥನೆಯ ಹೊತ್ತಿಗೆ ಸೂಚನೆ ಓದುವಾಗ ನಿಲ್ಲುವ ಹಾಗೆ ಕೈ ಕೆಳಗಿಳಿಸಿ ನೆಟ್ಟಗೆ ನಿಂತರು.

"ಈ ಮನಶ್ಯಾ ಮೂರ್ಖ ಅಂತಾಳ್ರಿ. ಭಜಿ ತಿನ್ಸಾಕ ಕರದು ನನ್ನ ಅಕ್ಕನ ಬಾಯಿ ಕಸಗೊಂಡ ಅಂತಾಳ. ಮನಿ ಬಿಡ್ಸತೀನಿ ಅಂತ ಅಂಜಿಸಿ ಕರಕೊಂಡು ಹೋದ, ನನಗೆಲ್ಲಾ ಗೊತ್ತೈತಿ ಅಂತಾಳ. ಇಡೀ ಊರಾಗ ನಿನಗ ಕಲಿಸಬಾರದಿತ್ತು, ನಿನಗ ಒಬ್ಬಗ ಬಂತು, ನನ್ನ ದೈವ ನೋಡು ಅಂತಾಳ."

ಒಂದು ಶಬ್ದವನ್ನೂ ಬಿಟ್ಟಿರಲಿಲ್ಲ ಎಂದು ನನಗನ್ನಿಸಿತು, ಏಕೆಂದರೆ ಅವರ ಕಿವಿ ಕೆಂಪಾಗಿದ್ದವು.

"ಇನ್ನೂ ಐತೇನ್ರಿ?"

"ಬಾಳ ಐತ್ರಿ," ಎಂದರು.

ಕಸ್ತೂರಿ ನಮ್ಮ ಮನೆಯಿಂದ ಕುರ್ಚಿ ತಂದು ದೂರದಲ್ಲಿಟ್ಟಳು. ಅವರು ಕೂಡಲಿಲ್ಲ. ಗಂಗವ್ವನ ಕೈಗಳು ಮತ್ತೆ ಎದ್ದವು, ಹೆಡ್‌ಮಾಸ್ತರು ಮತ್ತೆ ಹೇಳಿದರು, ಅಕ್ಕೋರು ಕೇಳಿದರು. ಬಿಸಿಲು ಅಂಗಳಕ್ಕೆ ಬಂತು. ಗಂಗವ್ವ ದಣಿದು ನಿಂತಾಗ ಅಕ್ಕೋರು ಕಟ್ಟೆಯಿಂದ ಇಳಿದು ಎರಡು ಹೆಜ್ಜೆ ಮುಂದೆ ಬಂದರು.

"ಸರ, ಮೂರ್ಖ ಅಂತ ಮೊದಲ ಅಂದ್ಲಲ್ಲ, ಅದಕ್ಕ ಕೈ ಹೆಂಗ ಮಾಡಿದ್ಲು? ಇನ್ನೊಮ್ಮೆ ತೋರ್ಸ್ರಿ."

ಹೆಡ್‌ಮಾಸ್ತರು ತಮ್ಮ ಹಣೆಯ ಬದಿಗೆ ಮುಷ್ಟಿ ಹಚ್ಚಿ ತಿರುವಿ ತೋರಿಸಿದರು. ಅಕ್ಕೋರು ಅವರನ್ನೇ ದಿಟ್ಟಿಸುತ್ತ ಹಾಗೆಯೇ ಮಾಡಿದರು.

"ಹೆಬ್ಬೆರಳು ಇನ್ನಷ್ಟು ಒಳಗ ಬರಬೇಕ್ರಿ," ಎಂದರು ಹೆಡ್‌ಮಾಸ್ತರು.

ಗಂಗವ್ವ ಹಣೆ ಬಡಿದುಕೊಂಡಳು. ಇಬ್ಬರದೂ ತಪ್ಪಿತ್ತು. ಆಕೆ ಅಕ್ಕನ ಹತ್ತಿರ ಹೋಗಿ, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಮಡಿಚಿ ಒಳಗೆ ಸೇರಿಸಿ, ಉಳಿದ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮುಚ್ಚಿದಳು.